ಮುನೇಶ್ವರನ ಮುಂದೆ ದಾರಿಯ ಅರ್ಜಿ

ಅಪ್ಪಾ ಮುನೇಶ್ವರಾ,

ಕೆರೆ ಏರಿ ಇಳಿಯುವ ಕಡೆ, ಹೊಂಗೆ ಮರದ ಬುಡದಲ್ಲಿ ಕೂತವನೇ, ಒಂದು ಅರ್ಜಿ ತಂದಿದ್ದೇನೆ. ನಿನಗೆ ಗೋಪುರವಿಲ್ಲ, ಬಾಗಿಲಿಲ್ಲ, ದರ್ಶನಕ್ಕೆ ಇಷ್ಟು ಹೊತ್ತು ಎಂಬ ಬೋರ್ಡೂ ಇಲ್ಲ. ನೆಟ್ಟ ಕಲ್ಲು, ಬಳಿದ ಸುಣ್ಣ, ಮೇಲೆ ಅರಿಶಿನ ಕುಂಕುಮ. ಹೊಸ ಟ್ರ್ಯಾಕ್ಟರ್ ತಂದವನು ಚಕ್ರದಡಿ ನಿಂಬೆಹಣ್ಣಿಡುವುದು ನಿನ್ನ ಮುಂದೆ. ರಾತ್ರಿ ಲೋಡು ಹೊತ್ತು ಹೋಗುವ ಲಾರಿಯವನು ಕೈ ಎದೆಗೆ ಮುಟ್ಟಿಸಿಕೊಳ್ಳುವುದೂ ಇಲ್ಲೇ. ದೇವನಹಳ್ಳಿ, ಹೊಸಕೋಟೆ ಸೀಮೆಯ ಮತದಾರರ ಪಟ್ಟಿ ಬಿಚ್ಚಿದರೆ ಮುನಿಯಪ್ಪ, ಮುನಿರಾಜು, ಮುನಿಯಮ್ಮ, ಮುನಿವೆಂಕಟಪ್ಪ ಎಂದು ಪುಟಪುಟಕ್ಕೂ ನಿನ್ನ ಮಕ್ಕಳೇ. ದಾರಿ ಕಾಯುವವನು ನೀನು. ಅದಕ್ಕೇ ದಾರಿಯ ಮಾತನ್ನು ನಿನ್ನ ಮುಂದೆಯೇ ಇಡುತ್ತಿದ್ದೇನೆ. ಹುಂಜ ತಂದಿಲ್ಲ, ಕ್ಷಮಿಸು. ಸೈಕಲ್ಲನ್ನು ಮರಕ್ಕೆ ಒರಗಿಸಿದ್ದೇನೆ, ಅದಕ್ಕೂ ಒಂದು ಬೊಟ್ಟಿಡುತ್ತೇನೆ.

ಮೊದಲು ಕೊಟ್ಟಿದ್ದನ್ನು ನೆನೆಯಬೇಕು. ಮಾರ್ಗಶಿರದ ಬೆಳಗ್ಗೆ ಈ ಜಿಲ್ಲೆಯ ಊರುಗಳ ನಡುವೆ ಸೈಕಲ್ ತುಳಿಯುವ ಭಾಗ್ಯ ಕೊಟ್ಟೆ. ಮಂಜಿನಲ್ಲಿ ಅವರೆಯ ಸೊಗಡು ಮೂಗಿಗೆ ಬಡಿಯುತ್ತದೆ. ಕಲ್ಲುಕಂಬದ ಮೇಲೆ ದ್ರಾಕ್ಷಿ ಚಪ್ಪರ, ಅದರ ಪಕ್ಕ ಹಿಪ್ಪುನೇರಳೆ, ಆಚೆಗೆ ಕೊಯ್ದು ಗುಡ್ಡೆ ಹಾಕಿದ ರಾಗಿ. ಡೇರಿ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸರ ಸಾಲು. ಟಾರು ರಸ್ತೆಯ ಮೇಲೆ ಹುರುಳಿ ಹರಡಿ, ಬರುವ ಹೋಗುವ ಗಾಡಿಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವ ಅಜ್ಜಿ ದೂರದಿಂದಲೇ ಕೂಗುತ್ತಾಳೆ: "ಇಳ್ದು ತಳ್ಕೊಂಡ್ ಹೋಗಪ್ಪಾ, ಜಾರ್ತೀಯ!" ಕಾರಿನವರಿಗೆ ಈ ಕೂಗು ಕೇಳುವುದಿಲ್ಲ. ಬಡಿಸಬೇಕಾದವರಿಗೆ ಬಡಿಸುವ ನಿನ್ನ ಲೆಕ್ಕ ನನಗೆ ಹಿಡಿಸಿದೆ.

ನಲ್ಲೂರಿನ ಹುಣಸೆ ತೋಪು ಕೊಟ್ಟೆ. ಇದಕ್ಕೆ ಬೇರೆಯಾಗಿಯೇ ಕೈ ಮುಗಿಯಬೇಕು. ದೇವನಹಳ್ಳಿ ತಾಲ್ಲೂಕಿನ ಈ ಸುಮಾರು 54 ಎಕರೆಯನ್ನು 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ಪಶ್ಚಿಮ ಘಟ್ಟವಿದ್ದೂ, ಸುಂದರಬನವಿದ್ದೂ ಮೊದಲ ಮಣೆ ಸಿಕ್ಕಿದ್ದು ಬಯಲುಸೀಮೆಯ ಹುಳಿಮರಕ್ಕೆ. ನಾನೂರು ವರ್ಷ ದಾಟಿದವೆಂದು ಹೇಳುವ ಮರಗಳು ಅಲ್ಲಿವೆ. ಹಿಂಡಿದ ಪಂಚೆಯಂತೆ ತಿರುಚಿಕೊಂಡ ಕಾಂಡಗಳು. ಕೆಲವು ಒಳಗೆಲ್ಲ ಪೊಳ್ಳು, ಮೇಲೆ ಹಸಿರು. ಬಿದ್ದ ಮರ ಸಾಯದೆ ನೆಲಕ್ಕೆ ತಾಗಿದಲ್ಲೇ ಬೇರು ಬಿಟ್ಟು ಮತ್ತೆ ಎದ್ದಿದೆ. ತೋಪಿನೊಳಗೆ ಪಾಳು ಬಿದ್ದ ಚೆನ್ನಕೇಶವನ ಗುಡಿ. ಚೋಳರ ಕಾಲದ್ದು ಎನ್ನುತ್ತಾರೆ ಊರವರು. ಇಂಥ ಕಡೆ ಏನೂ ಮಾಡಬೇಕಿಲ್ಲ, ಮರದಿಂದ ಮರಕ್ಕೆ ನಡೆದರೆ ಆಯಿತು. ಸೆಲ್ಫಿ ಪಾಯಿಂಟು, ಸಿಮೆಂಟಿನ ಜಿಂಕೆ, ಬಣ್ಣದ ಕಾರಂಜಿ ಇಲ್ಲಿಗೆ ಬಾರದಂತೆ ಕಾಯಿ ನನ್ನಪ್ಪಾ. ಪ್ರವಾಸೋದ್ಯಮ ಎಂದರೆ ಇವೇ ಎಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ರಾಜಘಟ್ಟ ಕೊಟ್ಟೆ. ದೊಡ್ಡಬಳ್ಳಾಪುರಕ್ಕೆ ಹತ್ತಿರದ ಈ ಊರಲ್ಲಿ ಮೈಸೂರು ವಿಶ್ವವಿದ್ಯಾಲಯದವರು 2001 ಮತ್ತು 2004ರಲ್ಲಿ ಅಗೆದಾಗ ಬೌದ್ಧರ ಚೈತ್ಯ, ವಿಹಾರ ಮತ್ತು ಮಣ್ಣಿನ ಹರಕೆಬಿಲ್ಲೆಗಳು ಸಿಕ್ಕವು. ನಿನಗಿಂತ ಮುಂಚೆಯೇ ಈ ಕಡೆ ಬರಿಗಾಲಲ್ಲಿ ನಡೆದು ಬಂದವರಿದ್ದರು ಎಂದಾಯಿತು, ಬೇಸರ ಮಾಡಿಕೊಳ್ಳಬೇಡ. ಆವತಿ ಕೊಟ್ಟೆ, ಕೆಂಪೇಗೌಡರ ಹಿರೀಕರು ವಲಸೆ ಬಂದು ನೆಲೆ ನಿಂತ ಜಾಗ. ದೇವನಹಳ್ಳಿಯ ಕೋಟೆ ಕೊಟ್ಟೆ. ಅದರೊಳಗೆ ಇಂದಿಗೂ ಜನ ಸಂಸಾರ ಮಾಡುತ್ತಾರೆ, ವೇಣುಗೋಪಾಲನ ಗುಡಿಯ ಮುಂದೆ ಹುಡುಗರು ಕ್ರಿಕೆಟ್ ಆಡುತ್ತಾರೆ. ಮಾಕಳಿದುರ್ಗದ ಬುಡದಲ್ಲಿ ಗುಂತಕಲ್ ಕಡೆಯ ರೈಲು ಬಳಸಿ ಹೋಗುವುದನ್ನು ಮೇಲಿನ ಬಂಡೆಯಿಂದ ನೋಡುವ ಕಣ್ಣು ಕೊಟ್ಟೆ. ಹಳಿಯ ಮೇಲೆ ನಡೆಯುವ ಹುಡುಗರಿಗೆ ಕಿವಿ ಕೊಡು, ಇಯರ್‌ಫೋನ್ ಕಿತ್ತು.

ಘಾಟಿಯ ಸುಬ್ರಹ್ಮಣ್ಯ ನಿನಗೆ ಪರಿಚಯದವನೇ. ಒಂದೇ ಕಲ್ಲಿನಲ್ಲಿ ಮುಂದೆ ಅವನು, ಹಿಂದೆ ನರಸಿಂಹ. ಬೆನ್ನಿನ ದೇವರನ್ನು ತೋರಿಸಲು ಕನ್ನಡಿ ಇಟ್ಟಿದ್ದಾರೆ. ಅಲ್ಲಿನ ದನಗಳ ಜಾತ್ರೆಗೆ ಹಿಂದೆಲ್ಲ ಹಳ್ಳಿಕಾರ್ ಹೋರಿಗಳನ್ನು ಹಗ್ಗ ಹಿಡಿದು ನಡೆಸಿಕೊಂಡೇ ಬರುತ್ತಿದ್ದರು. ನಡುವೆ ಕೆರೆ, ಕಟ್ಟೆ, ಗುಂಡುತೋಪು. ಎತ್ತಿಗೆ ನೀರು, ಮನುಷ್ಯನಿಗೆ ನೆರಳು. ಈಗ ಹೋರಿಗಳು ಟೆಂಪೋದಲ್ಲಿ ಬರುತ್ತವೆ. ಅದರಲ್ಲಿ ತಪ್ಪೇನಿಲ್ಲ, ಅವಕ್ಕೂ ಕಾಲು ನೋಯುತ್ತದೆ. ಆದರೆ ಟೆಂಪೋ ಬಂದ ಮೇಲೆ ಆ ನಡೆದಾರಿಯನ್ನು ಕೇಳುವವರು ಇಲ್ಲವಾದರು. ಕೇಳುವವರಿಲ್ಲದ ದಾರಿಗೆ ಬೇಲಿ ಬೀಳಲು ಎಷ್ಟು ಹೊತ್ತು?

ನನ್ನ ಅರ್ಜಿ ಇರುವುದೇ ಇಲ್ಲಿ, ತಂದೆ.

ಪ್ರತಿ ಊರಿಗೂ ಒಂದು ಗ್ರಾಮ ನಕಾಶೆ ಇದೆ. ಬಂಡಿದಾರಿಗೆ ಜೋಡಿ ಚುಕ್ಕಿಗೆರೆ, ಕಾಲುದಾರಿಗೆ ಒಂಟಿ ಚುಕ್ಕಿಗೆರೆ. ಆ ಗೆರೆ ಹಿಡಿದು ಹೋದರೆ ಊರಿಂದ ಕೆರೆಗೆ, ಕೆರೆಯಿಂದ ಗುಂಡುತೋಪಿಗೆ, ತೋಪಿನಿಂದ ಪಕ್ಕದೂರಿನ ಸಂತೆಗೆ ಹೊಲಗಳ ನಡುವೆಯೇ ಹೋಗಿ ಸೇರಬಹುದು. ದಾರಿ, ಹಳ್ಳ, ಸ್ಮಶಾನದಂಥ ಹತ್ತು ಜನರ ಬಳಕೆಯ ನೆಲವನ್ನು ಪಹಣಿಯಲ್ಲಿ 'ಬಿ' ಖರಾಬು ಎಂದು ಬರೆಯುತ್ತಾರೆ; ಯಾರೂ ಅದನ್ನು ಉಳುವಂತಿಲ್ಲ, ಮಾರುವಂತಿಲ್ಲ. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ನಕಾಶೆ ಹಿಡಿದು ನಡೆಯಹೊರಟರೆ ಒಂದು ಗೆರೆ ನೀಲಗಿರಿ ತೋಪಿನಲ್ಲಿ ಕಳೆದುಹೋಗುತ್ತದೆ, ಇನ್ನೊಂದು ಬಡಾವಣೆಯ ಕಮಾನಿನ ಕೆಳಗೆ ನಿಲ್ಲುತ್ತದೆ. ಅಲ್ಲಿ ಸಮವಸ್ತ್ರದ ಹುಡುಗ ಎದ್ದು ಬಂದು "ಯಾವ ಸೈಟು ಸಾರ್?" ಎನ್ನುತ್ತಾನೆ. ಪಾಪ, ಅವನೂ ಎಲ್ಲಿಂದಲೋ ಹೊಟ್ಟೆಪಾಡಿಗೆ ಬಂದವನು. ಅವನಿಗೆ ಕಾಲುದಾರಿಯ ಕತೆ ಹೇಳಿ ಏನು ಪ್ರಯೋಜನ?

ಎಲ್ಲ ತಪ್ಪನ್ನೂ ಸೈಟು ಮಾಡುವವರ ತಲೆಗೆ ಕಟ್ಟಿದರೆ ನಿನ್ನ ಮುಂದೆ ಸುಳ್ಳು ಹೇಳಿದಂತೆ. ನಮ್ಮ ರೈತರೂ ಕಡಿಮೆಯಿಲ್ಲ. ಹೂಡುವಾಗ ವರ್ಷಕ್ಕೊಂದು ಸಾಲು ದಾರಿಗೆ ಒತ್ತುತ್ತಾ, ಬಂಡಿ ಹೋಗುವ ಅಗಲವನ್ನು ಬದುವಿನ ಅಗಲಕ್ಕೆ ತಂದವರು ನಾವೇ. ಎದುರು ಹೊಲದವನ ಮೇಲಿನ ಹಗೆಗೆ ಮುಳ್ಳು ಕಡಿದು ಹಾಕಿದವರೂ ನಾವೇ. ಸ್ಮಶಾನಕ್ಕೆ ದಾರಿಯಿಲ್ಲದೆ ಹೆಣ ಹೊತ್ತವರು ಬೆಳೆದ ರಾಗಿ ತುಳಿದುಕೊಂಡು ಹೋಗುವುದು, ಹೊಲದವನು ಅಡ್ಡ ನಿಲ್ಲುವುದು, ಕೊನೆಗೆ ಪೊಲೀಸರು ಬರುವುದು ಈ ನಾಡಿನ ಪತ್ರಿಕೆಗಳಲ್ಲಿ ಹಳೆಯ ಸುದ್ದಿ.

ದೊಡ್ಡ ರಸ್ತೆಗಳ ವಿಷಯವೂ ಇದೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆಗೆ ಸುಮಾರು 80 ಕಿಲೋಮೀಟರ್ ಉಪನಗರ ವರ್ತುಲ ರಸ್ತೆ 2024ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಜಿಲ್ಲೆಯ ನಾಲ್ಕೂ ತಾಲ್ಲೂಕನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಒಳ್ಳೆಯದೇ, ಹೂವು, ತರಕಾರಿ ಬೇಗ ಮಾರುಕಟ್ಟೆ ಸೇರಲಿ. ಆದರೆ ಉದ್ದಕ್ಕೆ ಪೋಣಿಸಿದ್ದು ಅಡ್ಡಕ್ಕೆ ಕತ್ತರಿಸುತ್ತದೆ. ರಸ್ತೆಯ ಈಚೆಗೆ ಮನೆ, ಆಚೆಗೆ ಹೊಲ ಇರುವವಳು ಅಂಡರ್‌ಪಾಸ್ ಹುಡುಕಿಕೊಂಡು ಹುಲ್ಲಿನ ಹೊರೆ ಹೊತ್ತು ನಡೆಯಬೇಕು. ರಸ್ತೆ ಅಳೆಯುವ ಎಂಜಿನಿಯರಿಗೆ ಒಮ್ಮೆ ಆ ಹೊರೆ ಹೊರಿಸು. ಶಿಕ್ಷೆಯೆಂದಲ್ಲ, ಅಳತೆ ಸರಿಹೋಗಲಿ ಎಂದು.

ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಉಳಿದದ್ದಕ್ಕೆ ಬೇರೆ ಶರಣು. 2022ರ ಏಪ್ರಿಲ್‌ನಲ್ಲಿ ಭೂಸ್ವಾಧೀನದ ವಿರುದ್ಧ ಧರಣಿ ಕೂತ ರೈತರು ಮೂರು ವರ್ಷ ದಾಟಿದರೂ ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಭೂಸ್ವಾಧೀನ ಕೈಬಿಟ್ಟೆವೆಂದು ಹೇಳಿದರು. ಹೊಲ ಉಳಿದರೆ ತಾನೇ ಹೊಲದ ನಡುವಿನ ದಾರಿ ಉಳಿಯುವುದು.

ಭಾನುವಾರದ ಸೈಕಲ್ಲಿನವರಿಗೂ ಒಂದು ಮಾತು ಬೇಡಿಕೊಳ್ಳುತ್ತೇನೆ. ನಸುಕಿನಲ್ಲೇ ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು, ವಿಮಾನ ನಿಲ್ದಾಣ ದಾಟಿ, ನಂದಿಬೆಟ್ಟದ ತಿರುವುಗಳನ್ನು ಏದುಸಿರಿನಲ್ಲಿ ಹತ್ತಿ, ಮೊಬೈಲಿನಲ್ಲಿ ಸಮಯ ನೋಡಿಕೊಂಡು ಇಳಿಯುತ್ತಾರೆ. ಒಳ್ಳೆಯ ಮಕ್ಕಳು. ಹಿಂದಿನಿಂದ ಬರುವ ಟಿಪ್ಪರ್‌ಗಳಿಂದ ಅವರನ್ನು ಕಾಪಾಡು. ಹಾಗೆಯೇ ಯಾವತ್ತಾದರೂ ಹೆದ್ದಾರಿ ಬಿಟ್ಟು ಎಡಕ್ಕೋ ಬಲಕ್ಕೋ ಹೊರಳುವ ಮನಸ್ಸು ಕೊಡು. ನಂದಿಯಲ್ಲಿ ಹುಟ್ಟುವ ಅರ್ಕಾವತಿಯನ್ನು ದೊಡ್ಡಬಳ್ಳಾಪುರದ ನಾಗರಕೆರೆ ಕಡೆಗೆ ಹಿಂಬಾಲಿಸಲಿ. ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಹೊಳೆ ಅದು; 1894ರಲ್ಲಿ ಹೆಸರಘಟ್ಟದಲ್ಲಿ ಅದಕ್ಕೇ ಕಟ್ಟೆ ಕಟ್ಟಿದ್ದು. ನೀರು ಯಾಕೆ ಬರುತ್ತಿಲ್ಲವೆಂದು ನಡೆದು ನೋಡಿದವರಿಗೆ ವರದಿ ಬೇಕಾಗಿಲ್ಲ. ಮುಚ್ಚಿದ ಕಾಲುವೆ, ನೀಲಗಿರಿ, ಕಲ್ಲುಕ್ವಾರಿ, ಸಾವಿರ ಅಡಿ ದಾಟಿದ ಬೋರ್‌ವೆಲ್ ಎಲ್ಲವೂ ದಾರಿಯ ಪಕ್ಕದಲ್ಲೇ ಸಿಗುತ್ತವೆ. ದಣಿದಲ್ಲಿ ಊರ ಮುಂದಿನ ಅಂಗಡಿಯಲ್ಲಿ ಟೀ ಕುಡಿಯಲಿ, ಬಾಳೆಹಣ್ಣಿನ ಸಿಪ್ಪೆಯನ್ನು ಮೇಕೆಗೆ ಕೊಡಲಿ, ನೀರಿನ ಬಾಟಲಿಯನ್ನು ವಾಪಸು ಒಯ್ಯಲಿ.

ಇನ್ನು ಸೈಕಲ್ಲು ಹವ್ಯಾಸವಲ್ಲದವರ ಮಾತು. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಎರಡು ಜಡೆ, ರಿಬ್ಬನ್ನು, ಹಿಂದೆ ಕ್ಯಾರಿಯರಿನಲ್ಲಿ ತಂಗಿ. ಹೈಸ್ಕೂಲಿಲ್ಲದ ಊರುಗಳಿಂದ ಹುಡುಗಿಯರು ಸಾಲಾಗಿ ಬರುವುದನ್ನು ನೀನೂ ಈ ಮರದಡಿ ಕೂತು ನೋಡಿದ್ದೀಯ. ಕೋವಿಡ್ ಕಾಲದಲ್ಲಿ ಸೈಕಲ್ ಕೊಡುವುದು ನಿಂತುಹೋಯಿತು. ನನ್ನ ಮಟ್ಟಿಗೆ ಈ ಜಿಲ್ಲೆಯ ಪ್ರವಾಸಿ ನಕ್ಷೆಗಳೆಲ್ಲಕ್ಕಿಂತ ಆ ಸೈಕಲ್ ದೊಡ್ಡದು. ಆ ಹುಡುಗಿಯರು ಧೈರ್ಯವಾಗಿ ತುಳಿಯಬಹುದಾದ ರಸ್ತೆಯಲ್ಲಿ ಪರದೇಶದ ಪ್ರವಾಸಿಯೂ ತುಳಿಯಬಹುದು. ಅದು ತಿರುಗುಮುರುಗಾಗಿ ನಡೆಯುವುದಿಲ್ಲ.

ಪರದೇಶ ಎಂದಾಗ ನೆನಪಾಯಿತು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಹೊಲದ ನಡುವಿನ ಕಾಲುದಾರಿಗೆ ಕಾನೂನಿನ ಕಾವಲಿದೆ. ಅದೂ ತಾನಾಗಿ ಬಂದದ್ದಲ್ಲ. 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ನೂರಾರು ಮಂದಿ, ಬಹುಪಾಲು ಕೂಲಿಕಾರರು, ಜಮೀನ್ದಾರರ ತಡೆಯನ್ನು ಮೀರಿ ನಡೆದು ಹತ್ತಿದರು, ಕೆಲವರು ಜೈಲಿಗೆ ಹೋದರು. 1949ರಲ್ಲಿ ಕಾಯ್ದೆ ಬಂತು. ಪ್ರತಿ ಕಾಲುದಾರಿಯನ್ನೂ ನಕ್ಷೆಗೇರಿಸಬೇಕು, ನಕ್ಷೆಯಲ್ಲಿದ್ದರೆ ಅದು ಎಲ್ಲರ ದಾರಿ. ರೈತ ಅದನ್ನು ಉತ್ತರೂ ಮತ್ತೆ ಬಿಡಿಸಿಕೊಡಬೇಕು. ನಮ್ಮಲ್ಲಿ ನಕ್ಷೆ ಮೊದಲೇ ಇದೆ ಮುನೇಶ್ವರಾ. ಅವರು ಹೋರಾಡಿ ಪಡೆದ ಗೆರೆಯನ್ನು ನಮ್ಮ ಸರ್ವೆಯವರು ಎಂದೋ ಎಳೆದಿಟ್ಟು ಹೋಗಿದ್ದಾರೆ. ಬೇಕಾಗಿರುವುದು ಅಳತೆಯ ಸರಪಳಿ, ಎರಡು ಕಲ್ಲು, ಬೇಲಿ ತೆಗೆಸುವ ಎದೆಗಾರಿಕೆ.

ಅದನ್ನೇ ಕೇಳಲು ಬಂದದ್ದು. ಶಿವಗಂಗೆಯ ಬೆಟ್ಟಕ್ಕೆ ರೋಪ್‌ವೇ ಬೇಡುತ್ತಿಲ್ಲ. ಕುಮುದ್ವತಿ ಹುಟ್ಟುವ ಆ ಬೆಟ್ಟವನ್ನು ಕಂಬಿ ಹಿಡಿದು, ಕೋತಿಗೆ ಹೆದರಿ, ಬೆವರಿ ಹತ್ತುವುದರಲ್ಲೇ ಸುಖವಿದೆ. ರೆಸಾರ್ಟು ಬೇಡ. ಸೈಕಲ್ ಪಥವೆಂದು ಕೆಂಪು ಬಣ್ಣ ಬಳಿದ ಅರ್ಧ ಕಿಲೋಮೀಟರೂ ಬೇಡ. ಇರುವ ಚುಕ್ಕಿಗೆರೆ ಬಿಡಿಸಿಕೊಡು. ಒತ್ತಿದವನಿಗೆ ನಾಲ್ಕು ಸಾಲು ಹಿಂದೆ ಸರಿಯುವ ದೊಡ್ಡ ಮನಸ್ಸು ಕೊಡು, ಅಳೆಯಲು ಬಂದ ಸರ್ವೆಯರಿಗೆ ಒತ್ತಡ ತಾಳುವ ಬೆನ್ನು ಕೊಡು. ಗ್ರಾಮಸಭೆಯಲ್ಲಿ ಬೀದಿದೀಪ, ಚರಂಡಿಯ ಮಾತು ಮುಗಿದ ಮೇಲೆ ಎದ್ದು ನಿಂತು "ದಾರಿ ಎಲ್ಲಿ?" ಎಂದು ಕೇಳುವವರಿಗೆ ದನಿ ಕೊಡು.

ನಿನ್ನ ಮುಂದೆ ಹಾದುಹೋಗುವ ನಮ್ಮ ಜನಕ್ಕೂ ಇಷ್ಟು ಹೇಳಿಬಿಡುತ್ತೇನೆ, ನೀನು ಸಾಕ್ಷಿಯಾಗಿರು. ಗ್ರಾಮ ನಕಾಶೆ ಕಂದಾಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಇಳಿಸಿಕೊಳ್ಳಿ. ನಿಮ್ಮೂರಿಂದ ಪಕ್ಕದೂರಿಗೆ ಹೋಗುವ ಒಂದು ಚುಕ್ಕಿಗೆರೆ ಹಿಡಿದು, ಊರ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಬಿಸಿಲೇರುವ ಮುನ್ನ ನಡೆಯಿರಿ. ದಾರಿ ಮುಚ್ಚಿದ್ದರೆ ಸರ್ವೆ ನಂಬರು ಬರೆದುಕೊಂಡು ತಹಶೀಲ್ದಾರರಿಗೆ ಅರ್ಜಿ ಕೊಡಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.