ಶಿಲೆಯ ವಯಸ್ಸು, ಕಲ್ಪದ ಎಣಿಕೆ

ಕೆಂಗಲ್ಲಿನ ಆಂಜನೇಯಸ್ವಾಮಿಗೆ ನಮಸ್ಕರಿಸಿ ರಾಮನಗರದತ್ತ ಸಾಗುವವರು, ರಾಮದೇವರ ಬೆಟ್ಟದ ಬಂಡೆಗಳನ್ನು ಕಂಡೊಡನೆ 1975ರ ‘ಶೋಲೆ’ ಚಲಚ್ಚಿತ್ರವನ್ನು ನೆನೆಯುವುದು ಸಹಜವಾದರೂ, ಆ ಶಿಲೆಗಳ ಒಡಲಲ್ಲಿ ಅಡಗಿರುವ ಕಾಲಗಣನೆಯು ಅದಕ್ಕಿಂತ ಎಷ್ಟೋ ವಿಸ್ಮಯಕರವಾದುದು. ಊರಿನ ಹಿಂದಣ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಭೂವಿಜ್ಞಾನದಲ್ಲಿ ಪ್ರಸಿದ್ಧವಾದ ಈ ಕಲ್ಲು, ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದ ಶಿಲಾದ್ರವವು ತಣಿದು ಘನೀಭವಿಸಿದುದು. ಅದರೊಳಗಣ ಜಿರ್ಕಾನ್ ಎಂಬ ಸೂಕ್ಷ್ಮ ಹರಳುಗಳಲ್ಲಿ ಸೆರೆಯಾದ ಯುರೇನಿಯಂ ನಿಯತಗತಿಯಲ್ಲಿ ಸೀಸವಾಗಿ ಪರಿಣಮಿಸುತ್ತಿರುವುದರಿಂದ, ಅವೆರಡರ ಪ್ರಮಾಣವನ್ನು ಅಳೆದು ವಿಜ್ಞಾನಿಗಳು ಶಿಲೆಯ ವಯಸ್ಸನ್ನು ನಿರ್ಣಯಿಸುತ್ತಾರೆ.

ಯುರೇನಿಯಂ-238 ಅರ್ಧದಷ್ಟು ಕ್ಷಯಿಸಲು ಬೇಕಾದ ಅವಧಿ ಸುಮಾರು 447 ಕೋಟಿ ವರ್ಷ. ಪುರಾಣಗಳು ಕಲ್ಪವೆಂದು ಕರೆಯುವ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ಈ ಸಾಮೀಪ್ಯವನ್ನು ಕಂಡು, ಋಷಿಗಳು ಪರಮಾಣುವಿನ ರಹಸ್ಯವನ್ನರಿತಿದ್ದರೆಂದು ಸಾರಲು ಮನಸ್ಸು ಹಾತೊರೆಯಬಹುದು. ಅದು ವಿಜ್ಞಾನಕ್ಕೂ ನ್ಯಾಯವಲ್ಲ, ಶ್ರದ್ಧೆಗೂ ಅಲ್ಲ. ವಿಜ್ಞಾನಿಗಳ ಸಂಖ್ಯೆ ಪ್ರಯೋಗಶಾಲೆಯ ಅಳತೆಯಿಂದ ದೊರೆತುದು. ಪುರಾಣದ ಸಂಖ್ಯೆಯಾದರೋ 43,20,000 ವರ್ಷಗಳ ಮಹಾಯುಗವನ್ನು ಸಾವಿರದಿಂದ ಗುಣಿಸಿದುದರ ಫಲ. ಆದರೂ, ನೂರು ವರ್ಷದ ಆಯುಸ್ಸನ್ನೂ ಮುಟ್ಟಲಾರದ ಮನುಷ್ಯನು, ಯಾವ ಉಪಕರಣವೂ ಇಲ್ಲದ ಕಾಲದಲ್ಲಿ, ಸೃಷ್ಟಿಯನ್ನು ಕೋಟ್ಯಂತರ ವರ್ಷಗಳ ವಿಸ್ತಾರದಲ್ಲಿ ಭಾವಿಸಲು ಅಂಜಲಿಲ್ಲವೆಂಬುದನ್ನು ನೆನೆದಾಗ, ನನಗೆ ಆ ಭಾವನೆಯ ಧೈರ್ಯದಲ್ಲಿಯೇ ಋಷಿಗಳ ನಿಜವಾದ ಹಿರಿಮೆ ಕಾಣುತ್ತದೆ.