ಅನುಮಾನಕ್ಕೆ ಬೆಲೆ ಎಷ್ಟು?

ಆಡುಗನ್ನಡದಲ್ಲಿ 'ಅನುಮಾನ' ಎಂದರೆ ಶಂಕೆ. ತರ್ಕಶಾಸ್ತ್ರದಲ್ಲಿ ಅದೇ ಮಾತು ಒಂದು ಪ್ರಮಾಣದ ಹೆಸರು: ಕಂಡ ಗುರುತಿನಿಂದ ಕಾಣದ್ದನ್ನು ಖಚಿತವಾಗಿ ತಿಳಿಯುವುದು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರ ವಿಶಿಷ್ಟಾದ್ವೈತವೂ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರು ಪ್ರಮಾಣಗಳನ್ನು ಒಪ್ಪುತ್ತದೆ. ಶಂಕೆ ಪ್ರಮಾಣವಾಗುವುದು ಯಾವಾಗ? ಈ ಪ್ರಶ್ನೆ ನನ್ನನ್ನು ಗ್ರಂಥಾಲಯಕ್ಕಿಂತ ಗ್ಯಾರೇಜಿನಲ್ಲಿ ಹೆಚ್ಚು ಕಾಡಿದೆ. ಅಲ್ಲಿ ಇನ್ನೊಬ್ಬರ ದುಡ್ಡು ಅದರ ಮೇಲೆ ನಿಂತಿರುತ್ತದೆ.

ಶ್ರೀರಂಗಪಟ್ಟಣ, ನಾಗಮಂಗಲಗಳ ನಡುವೆ ಬಾಡಿಗೆಗೆ ಓಡುವ ಒಂದು ಪೆಟ್ರೋಲ್ ಕಾರು. ನಿಂತಾಗ ಎಂಜಿನ್ ನಡುಗುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0171. ಅಂದರೆ ಪೆಟ್ರೋಲಿನ ಲೆಕ್ಕಕ್ಕೆ ಗಾಳಿ ಹೆಚ್ಚಾಗಿದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಇರಬೇಕು. ಇನ್‌ಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೀಳಿದ್ದರೆ, ಏರ್‌ಫ್ಲೋ ಸೆನ್ಸರಿನ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಆದರೆ ಸೋತ ಪೆಟ್ರೋಲ್ ಪಂಪು, ಕಟ್ಟಿಕೊಂಡ ಇಂಜೆಕ್ಟರ್, ಕೊಳೆ ಹಿಡಿದ ಸೆನ್ಸರ್‌ಗಳಿಂದಲೂ ಅದೇ ಕೋಡ್ ಬರುತ್ತದೆ. ಗದ್ದೆಯಾಚೆ ಹೊಗೆ ಕಂಡರೆ ನಮ್ಮ ಕಡೆ ಆಲೆಮನೆ ಎನ್ನುತ್ತಾರೆ. ಕಬ್ಬಿನ ತರಗಿಗೆ ಬೆಂಕಿ ಹಾಕಿದ್ದರೂ ಹೊಗೆಯೇ. ಹೀಗೆ ಹಲವು ಕಡೆ ಸಲ್ಲುವ ಗುರುತನ್ನು ನೈಯಾಯಿಕರು ಸವ್ಯಭಿಚಾರ ಎಂದು ತಳ್ಳಿಹಾಕುತ್ತಾರೆ. ಕೋಡ್ ನೋಡಿದವರೇ ಆಕ್ಸಿಜನ್ ಸೆನ್ಸರ್ ಬದಲಿಸುವ ಮೆಕ್ಯಾನಿಕ್‌ಗಳೂ ಇದ್ದಾರೆ. ಗಾಳಿ ಹೆಚ್ಚಾಗಿದೆ ಎಂದು ಹೇಳಿದ್ದೇ ಆ ಸೆನ್ಸರ್, ಪಾಪ, ಅದೂ ಬಹುಪಾಲು ನಿಜವನ್ನೇ.

ಈ ಕಾರು ಕೆ.ಆರ್. ಪೇಟೆಯ ಒಂದು ಗ್ಯಾರೇಜಿಗೆ ಬಂದಾಗ ನಾನೂ ಅದರಲ್ಲಿದ್ದೆ. "ಏನಾಗೈತಣ್ಣ?" ಎಂದರು ಡ್ರೈವರ್. "ಮ್ಯಾನಿಫೋಲ್ಡ್ ಮೇಲೆ ಅನುಮಾನ ಐತೆ ಕಣಣ್ಣ. ನೋಡ್ದೆ ಬಿಚ್ಚಲ್ಲ." ಮೆಕ್ಯಾನಿಕ್ ಮೊದಲು ಫ್ಯೂಯೆಲ್ ಟ್ರಿಮ್ ನೋಡಿದರು. ಕೊರತೆ ತುಂಬಲು ಎಂಜಿನ್ನಿನ ಕಂಪ್ಯೂಟರ್ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚಿಗೆ ಬಿಡುತ್ತಿದೆ ಎಂಬ ಲೆಕ್ಕ ಅದು. ಐಡ್ಲಿಂಗ್‌ನಲ್ಲಿ ಜಾಸ್ತಿ ಇದ್ದದ್ದು, 2,500 ಆರ್‌ಪಿಎಂಗೆ ರೇಸ್ ಕೊಟ್ಟಾಗ ಇಳಿಯಿತು. ಪಂಪು ಸೋತಿದ್ದರೆ ರೇಸ್ ಕೊಟ್ಟಷ್ಟೂ ಏರಬೇಕಿತ್ತು. ಆಮೇಲೆ ಎಂಜಿನ್ ಆಫ್ ಮಾಡಿ, ಇನ್‌ಟೇಕ್ ಒಳಕ್ಕೆ ಮೆಷೀನಿನಿಂದ ಹೊಗೆ ತುಂಬಿದರು. ತರ್ಕದ ಪಾಠದಲ್ಲಿ ಹೊಗೆ ಕಂಡು ಬೆಂಕಿಯನ್ನು ತಿಳಿಯುತ್ತೇವೆ. ಇವರು ತಿಳಿದದ್ದನ್ನು ಕಣ್ಣಿಗೆ ತರಲು ತಾವೇ ಹೊಗೆ ಹಾಕಿದರು. ಗ್ಯಾಸ್ಕೆಟಿನ ಒಂದು ಮೂಲೆಯಿಂದ ನೂಲಿನಂತೆ ಎದ್ದಿತು.

ಹಾಗೆಂದು ಕಣ್ಣಾರೆ ಕಾಣುವವರೆಗೆ ಕೈಹಾಕಲೇಬಾರದೇ? ನನಗೆ ಹಾಗನ್ನಿಸುವುದಿಲ್ಲ. ವ್ಯಾಕ್ಯೂಮ್ ಪೈಪಿನ ತುಂಡು ಪರೀಕ್ಷೆಗಿಂತ ಅಗ್ಗ; ಶಂಕೆಯ ಮೇಲೇ ಬದಲಿಸಬಹುದು, ಶಂಕೆ ಎಂದು ಮೊದಲೇ ಹೇಳಿದ್ದರೆ. ಶಂಕೆಯನ್ನು ಖಚಿತವೆಂದು ಬಿಲ್ ಮಾಡಿದಾಗ ಮಾತ್ರ ಅದು ಮೋಸ. ಆದರೆ ಇದರಲ್ಲಿ ಗಿರಾಕಿಗಳ ಪಾಲೂ ಇದೆ. ಹೊಸ ಸೆನ್ಸರ್‌ಗೆ ಸಾವಿರಗಟ್ಟಲೆ ಎಣಿಸುವ ನಾವು "ನೋಡಿದ್ದಕ್ಕೂ ಕಾಸಾ?" ಎಂದು ಜಗಳಕ್ಕೆ ನಿಲ್ಲುತ್ತೇವೆ. ಸಾಮಾನು ಬದಲಿಸಿದರೆ ಸಂಪಾದನೆ, ಯೋಚಿಸಿದರೆ ಇಲ್ಲ ಎಂದಾದರೆ ಶೆಡ್ಡಿನ ಬಾಡಿಗೆ ಕಟ್ಟಬೇಕಾದ ಮೆಕ್ಯಾನಿಕ್ ಏನು ಮಾಡಬೇಕು?

ಅಂದು ಗ್ಯಾಸ್ಕೆಟಿನ ದುಡ್ಡು, ಕೂಲಿ ಕೊಟ್ಟ ಮೇಲೆ ಡ್ರೈವರ್ ಹೊಗೆ ಹಾಕಿದ್ದಕ್ಕೆ ಎಷ್ಟೆಂದು ಕೇಳಿದರು. "ಅದ್ಕೇನ್ ಕೊಡ್ತೀಯ, ಬುಡಣ್ಣ" ಎಂದರು ಮೆಕ್ಯಾನಿಕ್. ಡ್ರೈವರ್ ಎರಡನೇ ಸಲ ಕೇಳಲಿಲ್ಲ.