ಒಂದೇ ತಾರೀಖು, ಎರಡು ಮನಸ್ಸು

ಜನವರಿ 26 ನಮಗೆ ಗಣರಾಜ್ಯೋತ್ಸವ. 1930ರಲ್ಲಿ ಅದೇ ದಿನ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿದ ನೆನಪಿಗೆ, 1950ರಲ್ಲಿ ಸಂವಿಧಾನ ಜಾರಿಗೆ ತರಲು ಆ ದಿನವನ್ನೇ ಆರಿಸಿದರು. ಆಸ್ಟ್ರೇಲಿಯಾಕ್ಕೂ ಅದೇ ತಾರೀಖು ರಾಷ್ಟ್ರೀಯ ದಿನ. ಆದರೆ ಅರ್ಥ ತಿರುಗುಮುರುಗು. ನಾವು ಬ್ರಿಟಿಷರಿಂದ ಬಿಡಿಸಿಕೊಂಡುದನ್ನು ನೆನೆಯುವ ದಿನ, ಅಲ್ಲಿ ಬ್ರಿಟಿಷರು ಬಂದಿಳಿದುದನ್ನು ನೆನೆಯುತ್ತಾರೆ.

1788ರ ಆ ದಿನ ಆರ್ಥರ್ ಫಿಲಿಪ್ ಸಿಡ್ನಿಯ ದಡದಲ್ಲಿ ಬಾವುಟ ಏರಿಸಿದ. ಹನ್ನೊಂದು ಹಡಗುಗಳಲ್ಲಿ ಬಂದವರಲ್ಲಿ ಬಹುಪಾಲು ಕೈದಿಗಳು. ಪಾಪ, ಅವರೂ ಇಷ್ಟಪಟ್ಟು ಬಂದವರಲ್ಲ. ಆದರೆ ಸಾವಿರಾರು ವರ್ಷಗಳಿಂದ ಅಲ್ಲಿ ಬಾಳಿದ್ದ ಮೂಲನಿವಾಸಿಗಳು ಅಂದಿನಿಂದ ನೆಲ ಕಳೆದುಕೊಳ್ಳುತ್ತಾ ಹೋದರು. ಮುಂದೆ ಅವರ ಮಕ್ಕಳನ್ನೇ ತಾಯಂದಿರ ಮಡಿಲಿನಿಂದ ಕಿತ್ತುಕೊಂಡು ಹೋದರು. 1938ರಲ್ಲಿ ನೂರೈವತ್ತನೆಯ ವರ್ಷದ ಸಂಭ್ರಮ ನಡೆದಾಗ, ಮೂಲನಿವಾಸಿಗಳು ಸಿಡ್ನಿಯಲ್ಲೇ ಸಭೆ ಸೇರಿ ಅದನ್ನು ಶೋಕದಿನವೆಂದು ಆಚರಿಸಿದರು. 2008ರಲ್ಲಿ ಪ್ರಧಾನಿ ಕೆವಿನ್ ರಡ್ ಆ ಮಕ್ಕಳ ವಿಷಯಕ್ಕೆ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ತಾರೀಖು ಮಾತ್ರ ಬದಲಾಗಿಲ್ಲ.

ಮೆಲ್ಬರ್ನಿನಲ್ಲಿರುವ ನನ್ನ ತಂಗಿಯ ಮಗಳಿಗೆ ಅದೇ ದಿನ ಅಲ್ಲಿನ ಪೌರತ್ವದ ಪ್ರಮಾಣವಚನ ಗೊತ್ತಾಗಿತ್ತು. ಎರಡು ದೇಶದ ಪೌರತ್ವಕ್ಕೆ ನಮ್ಮ ಕಾನೂನು ಒಪ್ಪದು. ನಮ್ಮ ಗಣರಾಜ್ಯೋತ್ಸವದ ದಿನವೇ ಅವಳು ನಮ್ಮವಳಲ್ಲವಾಗಬೇಕು. “ಖುಷಿಪಡಲೋ ಬೇಡವೋ ತಿಳೀತಿಲ್ಲ ದೊಡ್ಡಮ್ಮ” ಎಂದಳು.

ಸಂತೋಷದ ಜೊತೆ ದುಃಖವಿರುವ ದಿನ ನಮಗೂ ಇದೆಯಲ್ಲ ಎನ್ನಬಹುದು. 1947ರ ಆಗಸ್ಟ್ 15 ಪಂಜಾಬ್, ಬಂಗಾಳಗಳಲ್ಲಿ ಮನೆಮಠ ಕಳೆದುಕೊಂಡವರಿಗೆ ಕಣ್ಣೀರಿನ ದಿನವೂ ಹೌದು. ಆದರೆ ನಾವು ಹಬ್ಬ ಮಾಡುವುದು ಸ್ವಾತಂತ್ರ್ಯಕ್ಕೆ, ವಿಭಜನೆಗಲ್ಲ. ಅಲ್ಲಿ ಹಾಗಲ್ಲ; ಒಬ್ಬರ ನಗುವಿಗೂ ಇನ್ನೊಬ್ಬರ ಅಳುವಿಗೂ ಕಾರಣ ಒಂದೇ ಬಾವುಟ. ಆ ವಸಾಹತುಗಳೆಲ್ಲ ಸೇರಿ ಒಂದು ದೇಶವಾದದ್ದಾದರೂ 1901ರ ಜನವರಿ 1ರಂದು!

ಹಿಂದಿನವರ ಪಾಪವನ್ನು ಇಂದಿನ ಮಕ್ಕಳ ತಲೆಗೆ ಕಟ್ಟುವುದು ನ್ಯಾಯವಲ್ಲ, ನಿಜ. ಆದರೆ ಅಪ್ಪನ ಆಸ್ತಿ ಬೇಕು, ಸಾಲ ಬೇಡ ಎಂದರೆ ಯಾವ ಊರಿನ ಪಂಚಾಯಿತಿಯೂ ಒಪ್ಪದು. ನಿನ್ನೆ ಬಂದು ಆ ಆಸ್ತಿಯಲ್ಲಿ ಪಾಲು ಪಡೆಯುವ ನಮ್ಮ ಮಕ್ಕಳಿಗೂ ಈ ಮಾತು ಸಲ್ಲುತ್ತದೆ.

ಬೀದಿಯಲ್ಲಿ ಸಾವಾದರೆ ಪಕ್ಕದ ಮನೆಯ ಮದುವೆ ನಿಲ್ಲುವುದಿಲ್ಲ. ವಾದ್ಯ ಮಾತ್ರ ನಿಲ್ಲುತ್ತದೆ. ಅವಳಿಗೂ ಅದನ್ನೇ ಹೇಳಿದೆ: “ಪ್ರಮಾಣ ತಗೋ ಮಗಳೇ, ಅನ್ನ ಕೊಟ್ಟ ನೆಲದ ಋಣ ದೊಡ್ಡದು. ಪಟಾಕಿ ಬೇಡ. ಆ ನೆಲ ಮೊದಲು ಯಾರದಾಗಿತ್ತು ಅನ್ನೋದನ್ನು ನಿನ್ನ ಮಗುವಿಗೆ ನೀನೇ ಹೇಳು.”